ಒಬ್ಬಳೇ ಪ್ರಾಗ್‌ಗೆ ಹೊರಟಿದ್ದೇನೆ. ಮೂರು ದಿನ, 150 ಯೂರೋ. ಸಾಲುತ್ತಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಡ್ರೆಸ್ಡೆನ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಪರೀಕ್ಷೆ ಮುಗಿದಿದೆ, ಮಾರ್ಚ್ ಕೊನೆಯ ವಾರ ಬಿಡುವಿದೆ. ಇಲ್ಲಿಂದ ಪ್ರಾಗ್ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ, ಇಷ್ಟು ಹತ್ತಿರ ಇದ್ದೂ ನೋಡದೆ ಊರಿಗೆ ವಾಪಸ್ ಹೋದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಗೆಳತಿಯರಿಗೆ ಪಾರ್ಟ್ ಟೈಮ್ ಕೆಲಸ ಇದೆ, ಯಾರೂ ಬರುತ್ತಿಲ್ಲ. ಹಾಗಾಗಿ ಒಬ್ಬಳೇ.

ಕೈಯಲ್ಲಿರುವುದು 150 ಯೂರೋ. ಓಡಾಟ, ಉಳಿಯುವುದು, ಊಟ, ಟಿಕೆಟ್ಟು ಎಲ್ಲ ಇದರಲ್ಲೇ ಆಗಬೇಕು. ಅಪ್ಪನ ಹತ್ತಿರ ಕೇಳುವ ಮನಸ್ಸಿಲ್ಲ, ಲೋನಿನ ಕಂತು ಅವರೇ ಕಟ್ಟುತ್ತಿದ್ದಾರೆ. ನನ್ನ ಹತ್ತಿರ ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದೆ, ಬೇರೆ ವೀಸಾ ಬೇಕಾ? ನಾನು ಪೂರ್ತಿ ಸಸ್ಯಾಹಾರಿ, ಅಲ್ಲಿ ಏನು ತಿನ್ನುವುದು? ರಾತ್ರಿ ಒಬ್ಬಳೇ ಓಡಾಡಬಹುದಾ? ಅಮ್ಮ ದಿನಾ ಫೋನ್ ಮಾಡಿ ಇದೊಂದನ್ನೇ ಕೇಳುತ್ತಿದ್ದಾರೆ. ಸುಮ್ನೆ ಫೋಟೋ ತೆಗೆದುಕೊಂಡು ಬರುವುದು ನನಗೆ ಬೇಡ. ಇತಿಹಾಸ ಇಷ್ಟ. ಏನನ್ನು ತಪ್ಪಿಸಬಾರದು ಹೇಳಿ.

ಬೆಣ್ಣೆನಗರಿ:
ಧೈರ್ಯವಾಗಿ ಹೋಗಿ ಬಾ ತಂಗಿ. ವೀಸಾ ಬೇಡ. ಜರ್ಮನಿಯ ಪರ್ಮಿಟ್ ಇದ್ದರೆ ಉಳಿದ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳು) 180 ದಿನಗಳಲ್ಲಿ 90 ದಿನದವರೆಗೆ ಓಡಾಡಬಹುದು. ಆದರೆ ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಕಾರ್ಡ್ ಎರಡನ್ನೂ ಜೊತೆಯಲ್ಲೇ ಇಟ್ಟುಕೊ, ಫೋನಿನಲ್ಲಿರುವ ಫೋಟೋ ಸಾಲದು. ವಾಪಸ್ ಬರುವಾಗ ಗಡಿಯ ಹತ್ತಿರ ಪೊಲೀಸರು ರೈಲು ಹತ್ತಿ ಕೇಳುವುದುಂಟು.

ರೈಲಿನಲ್ಲಿ ಹೋಗುವಾಗ ಎಡಗಡೆ ಕಿಟಕಿ ಹಿಡಿ. ಪಿರ್ನಾ ದಾಟಿದ ಮೇಲೆ ಎಲ್ಬೆ ನದಿ ಆ ಬದಿಗೇ ಬರುತ್ತದೆ, ಆಚೆ ದಡದಲ್ಲಿ ಮರಳುಗಲ್ಲಿನ ಬಂಡೆಗಳು ಗೋಡೆ ಕಟ್ಟಿದ ಹಾಗೆ ನಿಂತಿರುತ್ತವೆ. ನೇರ ರೈಲಿನ ಟಿಕೆಟ್ಟನ್ನು ಇವತ್ತೇ ನೋಡು, ಬೇಗ ತೆಗೆದರೆ ಕಡಿಮೆ. ಐಎಸ್‌ಐಸಿ ಕಾರ್ಡ್, ಅಂದರೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಗುರುತಿನ ಚೀಟಿ, ಮಾಡಿಸಿಕೊಂಡಿದ್ದೀಯಾ? ಇದ್ದರೆ, 26 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಜೆಕ್ ದೇಶದ ಒಳಗಿನ ರೈಲು ಬಸ್ಸುಗಳಲ್ಲಿ ಅರ್ಧ ದರ. ಲೋಕಲ್ ರೈಲುಗಳಲ್ಲಿ ಇಳಿದು ಹತ್ತಿ ಹೋಗುವುದಾದರೆ ಗಡಿವರೆಗೆ ನಿನ್ನ ಸೆಮಿಸ್ಟರ್ ಟಿಕೆಟ್ (ವಿದ್ಯಾರ್ಥಿ ಪಾಸ್), ಅಲ್ಲಿಂದ ಮುಂದಕ್ಕೆ ಈ ಅರ್ಧ ದರದ ಟಿಕೆಟ್. ಸಮಯ ಜಾಸ್ತಿ ಹಿಡಿಯುತ್ತದೆ, ದುಡ್ಡು ಉಳಿಯುತ್ತದೆ.

ಈಗ ಮುಖ್ಯವಾದ ಮಾತು. ಅಲ್ಲಿ ನಡೆಯುವುದು ಯೂರೋ ಅಲ್ಲ, ಕೊರುನಾ. ಒಂದು ಯೂರೋಗೆ ಹೆಚ್ಚು ಕಡಿಮೆ 25 ಕೊರುನಾ. ನಾನು ವಿದ್ಯಾರ್ಥಿಯಾಗಿದ್ದಾಗ ಹಳೇ ಪೇಟೆಯ ಒಂದು ದುಡ್ಡು ಬದಲಿಸುವ ಅಂಗಡಿಯಲ್ಲಿ 50 ಯೂರೋ ಕೊಟ್ಟೆ. ಹೊರಗಡೆ ದೊಡ್ಡದಾಗಿ 'ಕಮಿಷನ್ ಸೊನ್ನೆ' ಎಂದು ಬರೆದಿತ್ತು. ಎದ್ದು ಕಾಣುತ್ತಿದ್ದ ದರ ಅವರು ಯೂರೋ ಮಾರುವ ದರ, ಕೊಳ್ಳುವ ದರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಕೈಗೆ ಬಂದದ್ದು 900 ಕೊರುನಾ ಚಿಲ್ಲರೆ. ಎರಡು ದಿನದ ಊಟದ ದುಡ್ಡು ಅಲ್ಲೇ ಹೋಯಿತು, ಇವತ್ತಿಗೂ ಅದನ್ನು ನೆನೆದರೆ ಸಂಕಟ ಆಗುತ್ತದೆ. 2019ರಿಂದ ಅಲ್ಲಿ ಒಂದು ಕಾನೂನು ಬಂದಿದೆ: 1000 ಯೂರೋ ಒಳಗಿನ ಬದಲಾವಣೆಯನ್ನು ಮೂರು ಗಂಟೆಯೊಳಗೆ ರಸೀದಿ ತೋರಿಸಿ ರದ್ದು ಮಾಡಿಸಬಹುದು. ಆದರೆ ನಿನಗೆ ಬದಲಿಸುವ ಅಗತ್ಯವೇ ಇಲ್ಲ, ಹೆಚ್ಚಿನ ಕಡೆ ಕಾರ್ಡ್ ನಡೆಯುತ್ತದೆ. ಮಷಿನ್ 'ಯೂರೋದಲ್ಲಿ ಕಟ್ಟುತ್ತೀರಾ, ಕೊರುನಾದಲ್ಲಾ' ಎಂದು ಕೇಳಿದರೆ ಕೊರುನಾ ಒತ್ತು. ಯೂರೋ ಒತ್ತಿದರೆ ದರ ಅವರದ್ದಾಗುತ್ತದೆ.

ಕರಾವಳಿ ಹುಡುಗಿ:
ನಾನು ಹೋದ ವರ್ಷ ಒಬ್ಬಳೇ ಹೋಗಿ ನಾಲ್ಕು ರಾತ್ರಿ ಇದ್ದು ಬಂದೆ. ನಿಮ್ಮ ಅಮ್ಮನಿಗೆ ಈ ಮಾತು ಹೇಳಿ. ರಾತ್ರಿ ಹತ್ತೂವರೆಗೆ ಟ್ರಾಮ್‌ನಲ್ಲಿ ಅಜ್ಜಿಯಂದಿರು ಕೈಚೀಲ ಹಿಡಿದು ಕೂತಿದ್ದರು. ನನಗೆ ಎಲ್ಲೂ ಹೆದರಿಕೆ ಆಗಲಿಲ್ಲ. ಜೇಬುಗಳ್ಳರ ಬಗ್ಗೆ ಮಾತ್ರ ಎಚ್ಚರ ಇರಬೇಕು, ಚಾರ್ಲ್ಸ್ ಸೇತುವೆ ಮೇಲೆ ಮತ್ತು ಹಳೇ ಪೇಟೆಯ ಖಗೋಳ ಗಡಿಯಾರದ ಮುಂದೆ ಜನ ಒತ್ತೊತ್ತಾಗಿ ನಿಂತಾಗ ಬ್ಯಾಗ್ ಎದೆಗೆ ಹಾಕಿಕೊಳ್ಳಿ. ಮಧ್ಯರಾತ್ರಿ ಹೊತ್ತಿಗೆ ಮೆಟ್ರೋ ನಿಲ್ಲುತ್ತದೆ. ಆಮೇಲೆ 91ರಿಂದ ಶುರುವಾಗುವ ನಂಬರಿನ ರಾತ್ರಿ ಟ್ರಾಮ್‌ಗಳು ಓಡುತ್ತವೆ, ಅವೆಲ್ಲ ಲಾಜರ್ಸ್ಕಾ ಎಂಬ ಸ್ಟಾಪಿನಲ್ಲಿ ಸೇರುತ್ತವೆ. ಆ ಹೆಸರು ಒಂದು ನೆನಪಿಟ್ಟುಕೊಂಡರೆ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ.

ಹಳೇ ಪೇಟೆಯೊಳಗೆ ಉಳಿಯಬೇಡಿ, ದುಬಾರಿ, ರಾತ್ರಿಯೆಲ್ಲ ಕುಡಿದವರ ಗಲಾಟೆ. ಝಿಜ್ಕೊವ್ ಅಥವಾ ಹೊಲೆಶೊವಿತ್ಸೆ ಕಡೆ ಹಾಸ್ಟೆಲ್ ನೋಡಿ. ಹೆಂಗಸರಿಗೇ ಮೀಸಲಾದ ಡಾರ್ಮಿಟರಿ ಸಿಗುತ್ತದೆ. ಅಡುಗೆಮನೆ ಇದೆಯಾ ಎಂದು ನೋಡಿಯೇ ಬುಕ್ ಮಾಡಿ. ಒಂದು ಸಣ್ಣ ಬೀಗ ತೆಗೆದುಕೊಂಡು ಹೋಗಿ, ಲಾಕರ್ ಇರುತ್ತದೆ, ಬೀಗ ಇರುವುದಿಲ್ಲ.

ಊಟ: ನಾನೂ ಸಸ್ಯಾಹಾರಿಯೇ. 'ಬೆಜ್ ಮಸಾ' ಎಂದರೆ ಮಾಂಸ ಇಲ್ಲದೆ ಎಂದರ್ಥ. ಆದರೆ ಅಷ್ಟು ಹೇಳಿದರೆ ಸಾಲದು. ಆಲೂಗಡ್ಡೆ ಸೂಪಿನಲ್ಲೂ ಮಾಂಸದ ರಸ ಇರಬಹುದು, ಕೆಲವು ತಿಂಡಿ ಹಂದಿಯ ಕೊಬ್ಬಿನಲ್ಲಿ ಕರಿದಿರುತ್ತಾರೆ. ಆ ಕೊಬ್ಬಿಗೆ 'ಸಾದ್ಲೊ' ಎನ್ನುತ್ತಾರೆ, ಆ ಪದ ಹಿಡಿದೇ ಕೇಳಿ. 'ಸ್ಮಜೆನೀ ಸೀರ್' ಎಂದು ಚೀಸಿಗೆ ಬ್ರೆಡ್ ಪುಡಿ ಹಚ್ಚಿ ಕರಿದು ಕೊಡುತ್ತಾರೆ, ಹೊಟ್ಟೆ ತುಂಬುತ್ತದೆ, ಆದರೆ ದಿನಾ ಆಗುವುದಿಲ್ಲ. ನನ್ನನ್ನು ಕಾಪಾಡಿದ್ದು ಧಾಬಾ ಬೀಸ್. ಅಲ್ಲಿ ಬರೀ ಸಸ್ಯಾಹಾರ, ನೀವೇ ತಟ್ಟೆಗೆ ಬಡಿಸಿಕೊಂಡು ತೂಕಕ್ಕೆ ದುಡ್ಡು ಕೊಡುವುದು. ಅನ್ನ, ಬೇಳೆ, ಪಲ್ಯ. ಮೂರು ದಿನ ಬ್ರೆಡ್ ತಿಂದ ಮೇಲೆ ಆ ಬಿಸಿ ಬೇಳೆ ಬಾಯಿಗಿಟ್ಟಾಗ ಕಣ್ಣಲ್ಲಿ ನೀರು ಬಂತು. ನಲ್ಲಿ ನೀರು ಕುಡಿಯಬಹುದು, ಬಾಟಲಿ ತೆಗೆದುಕೊಂಡು ಹೋಗಿ. ಬೀದಿಯಲ್ಲಿ ಕೆಂಡದ ಮೇಲೆ ತಿರುಗಿಸಿ ಸುಡುವ ಸಿಹಿ ಸುರುಳಿಯನ್ನು ಅಲ್ಲಿಯ ಹಳೇ ತಿಂಡಿ ಎಂದು ಮಾರುತ್ತಾರೆ. ಅದು ಪ್ರವಾಸಿಗರಿಗಾಗಿ ಬಂದದ್ದು, ಬಿಟ್ಟರೂ ನಷ್ಟವಿಲ್ಲ.

ಇನ್ನೊಂದು ವಿಷಯ, ಟ್ರಾಮ್ ಟಿಕೆಟ್ ಕೊಂಡರೆ ಮುಗಿಯಲಿಲ್ಲ. ಕಾಗದದ ಟಿಕೆಟ್ಟನ್ನು ಹಳದಿ ಡಬ್ಬಿಯೊಳಗೆ ತೂರಿಸಿ ಟೈಮ್ ಮುದ್ರೆ ಹಾಕಿಸಬೇಕು. ಅದಿಲ್ಲದಿದ್ದರೆ ಟಿಕೆಟ್ ಇದ್ದರೂ ಇಲ್ಲದ ಲೆಕ್ಕ, ದಂಡ ಬೀಳುತ್ತದೆ.

ತುಂಗಾತೀರ:
ಅಣ್ಣ, ಅಕ್ಕ, ತುಂಬಾ ಥ್ಯಾಂಕ್ಸ್. ಟ್ರಾಮ್‌ನ ಅಜ್ಜಿಯಂದಿರ ಮಾತನ್ನು ಅಮ್ಮನಿಗೆ ಓದಿ ಹೇಳಿದೆ, ಸ್ವಲ್ಪ ಸಮಾಧಾನ ಆಯಿತು. ಹಾಸ್ಟೆಲ್ ಸಿಕ್ಕಿದೆ, ಮೂರು ರಾತ್ರಿಗೆ 54 ಯೂರೋ. ನೋಡುವುದರ ಬಗ್ಗೆ ಯಾರಾದರೂ ಹೇಳುತ್ತೀರಾ? ಕೋಟೆಯ ಟಿಕೆಟ್, ಯಹೂದಿ ಮ್ಯೂಸಿಯಂ ಟಿಕೆಟ್, ಗಡಿಯಾರದ ಗೋಪುರದ ಟಿಕೆಟ್, ಎಲ್ಲ ತೆಗೆದರೆ ಊಟಕ್ಕೆ ಉಳಿಯುವುದಿಲ್ಲ.

ಧಾರವಾಡ ಟು ಪ್ರಾಗ್:
ನಾನು ಇದೇ ಊರಲ್ಲಿ ಆರು ವರ್ಷದಿಂದ ಇದ್ದೇನೆ. ಇಲ್ಲಿ ದೊಡ್ಡದೆಲ್ಲ ಬಿಟ್ಟಿಯಾಗಿಯೇ ಸಿಗುತ್ತದೆ ತಂಗಿ, ನೋಡುವುದಕ್ಕೆ ಸಮಯ ಕೊಡಬೇಕು ಅಷ್ಟೆ.

ಗಡಿಯಾರದಿಂದ ಶುರು ಮಾಡು. 1410ರದ್ದು, ಈಗಲೂ ನಡೆಯುತ್ತಿದೆ. ಗಂಟೆ ಹೊಡೆಯುವಾಗ ಮೇಲಿನ ಕಿಟಕಿಯಲ್ಲಿ ಬೊಂಬೆಗಳು ಹಾದು ಹೋಗುತ್ತವೆ, ಜನ ಅದಕ್ಕೆ ಫೋನ್ ಎತ್ತಿ ಹಿಡಿದು ಒಂದೇ ನಿಮಿಷಕ್ಕೆ ಚದುರುತ್ತಾರೆ. ನೀನು ಅವರು ಹೋದ ಮೇಲೆ ಮುಂದೆ ಬಂದು ಕಿಟಕಿಯ ಕೆಳಗಿರುವ ಎರಡು ಚಕ್ರಗಳಲ್ಲಿ ಮೇಲಿನದನ್ನು ನೋಡು. ಅದರ ಹೊರಬಳೆಯಲ್ಲಿ ಸೂರ್ಯ ಮುಳುಗಿದ ಹೊತ್ತಿನಿಂದ 24 ಗಂಟೆ ಎಣಿಸುವ ಹಳೇ ಬೊಹೀಮಿಯಾ (ಈಗ ಜೆಕ್ ದೇಶದ ಭಾಗ) ಲೆಕ್ಕ ಇದೆ. ಹಗಲನ್ನು ಹನ್ನೆರಡು ಭಾಗ ಮಾಡಿದ ಇನ್ನೊಂದು ಲೆಕ್ಕವೂ ಇದೆ, ಬೇಸಿಗೆಯಲ್ಲಿ ಆ ಭಾಗ ಉದ್ದ, ಚಳಿಗಾಲದಲ್ಲಿ ಗಿಡ್ಡ. ಸೂರ್ಯೋದಯದಿಂದ ಗಳಿಗೆ ಎಣಿಸುವ ಪಂಚಾಂಗ ನೋಡಿ ಬೆಳೆದ ನಮಗೆ ಇದು ಬೇಗ ಹತ್ತಿರವಾಗುತ್ತದೆ. ರಾಶಿಗಳ ಬಳೆಯೂ ಇದೆ, ಬಂಗಾರದ ಸೂರ್ಯ ಅದರ ಮೇಲೆ ಸರಿಯುತ್ತಾನೆ. ನೀನು ಬರುವ ಮಾರ್ಚ್ ಕೊನೆಗೆ ಅವನು ಮೇಷದಲ್ಲಿ ಇರುತ್ತಾನೆ. ನಮ್ಮ ಪಂಚಾಂಗದಲ್ಲಿ ಆಗ ಇನ್ನೂ ಮೀನ, ಮೇಷ ಸಂಕ್ರಮಣ ಏಪ್ರಿಲ್ ನಡುವಿಗೆ. ಅವರು ಲೆಕ್ಕ ಶುರು ಮಾಡುವುದು ಹಗಲು ರಾತ್ರಿ ಸಮ ಆಗುವ ದಿನದಿಂದ, ನಾವು ನಕ್ಷತ್ರ ಹಿಡಿದು. ಆ ಮೂರು ವಾರದ ಅಂತರ ಅಲ್ಲೇ ಕಣ್ಣೆದುರು ನಿಂತಿರುತ್ತದೆ.

ಗೋಪುರ ಹತ್ತುವುದು ಬೇಡ, ಅದರ ಪೂರ್ವ ಬದಿಯ ನೆಲ ನೋಡು. ಕಲ್ಲುಹಾಸಿನಲ್ಲಿ 27 ಬಿಳೀ ಶಿಲುಬೆಗಳಿವೆ. 1620ರಲ್ಲಿ ಬಿಳಿಬೆಟ್ಟದ ಯುದ್ಧ ಸೋತ ಮೇಲೆ, 1621ರ ಜೂನ್ 21ರಂದು, ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ವಿರುದ್ಧ ಬಂಡೆದ್ದ 27 ಜನ ಮುಖಂಡರನ್ನು ಅಲ್ಲೇ ಕೊಂದರು. ದಿನಾ ಸಾವಿರಾರು ಜನ ಅದರ ಮೇಲೆ ನಡೆಯುತ್ತಾರೆ. ವೆನ್ಸೆಸ್ಲಾಸ್ ಚೌಕದಲ್ಲೂ ಹಾಗೆಯೇ, ಮ್ಯೂಸಿಯಂ ಮುಂದೆ ನೆಲದಿಂದ ಉಬ್ಬಿ ಬಂದ ಹಾಗೆ ಕಂಚಿನ ಶಿಲುಬೆ ಮಲಗಿದೆ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಬಂದದ್ದನ್ನು ವಿರೋಧಿಸಿ 1969ರ ಜನವರಿ 16ರಂದು ಯಾನ್ ಪಾಲಾಕ್ ಎಂಬ ವಿದ್ಯಾರ್ಥಿ ಮೈಗೆ ಬೆಂಕಿ ಹಚ್ಚಿಕೊಂಡದ್ದು ಅಲ್ಲಿ. ಅವನಿಗೆ ಇಪ್ಪತ್ತು ವರ್ಷ.

ಸೇತುವೆಗೆ ಬೆಳಿಗ್ಗೆ ಆರಕ್ಕೇ ಹೋಗು. ವ್ಲತಾವ ನದಿಯ ಮೇಲೆ ಮಂಜು ಇರುತ್ತದೆ, 30 ಮೂರ್ತಿಗಳು ಕಪ್ಪಾಗಿ ಕಾಣುತ್ತವೆ, ನಿನ್ನ ಹೆಜ್ಜೆ ಸಪ್ಪಳ ನಿನಗೇ ಕೇಳುತ್ತದೆ. ಹತ್ತು ಗಂಟೆಗೆ ಹೋದರೆ ಜನರ ಬೆನ್ನು ಮಾತ್ರ. ಕೋಟೆಯ ಅಂಗಳಗಳಿಗೆ ಟಿಕೆಟ್ ಇಲ್ಲ. 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿದ ಸೇಂಟ್ ವಿಟಸ್ ಚರ್ಚನ್ನು ಹೊರಗಿನಿಂದ ಒಂದು ಸುತ್ತು ಹಾಕಿದರೂ ಸಾಕು. ಸಂಜೆ ವಿಷೆಹ್ರಾದ್ ಗುಡ್ಡಕ್ಕೆ ಹೋಗು, ಅದೂ ಬಿಟ್ಟಿ. ಅಲ್ಲಿಯ ಸ್ಮಶಾನದಲ್ಲಿ ಸಂಗೀತಗಾರ ದ್ವೊರ್ಜಾಕ್ ಇದ್ದಾರೆ, ನಾವೆಲ್ಲ ಬಳಸುವ 'ರೋಬೋಟ್' ಪದವನ್ನು 1920ರ ನಾಟಕದಲ್ಲಿ ಲೋಕಕ್ಕೆ ಕೊಟ್ಟ ಕಾರೆಲ್ ಚಾಪೆಕ್ ಇದ್ದಾರೆ.

ಒಂದೇ ಒಂದು ಟಿಕೆಟ್ ತೆಗೆಯುವುದಾದರೆ ಯಹೂದಿ ಮ್ಯೂಸಿಯಂನದ್ದು ತೆಗೆ. ಶನಿವಾರ ರಜೆ, ದಿನ ನೋಡಿಕೊ. ಅದರಲ್ಲಿ ಪಿಂಕಾಸ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಸೇರಿದೆ. ನಾಜಿಗಳು ಕೊಂದ ಬೊಹೀಮಿಯಾ ಮತ್ತು ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರನ್ನು ಗೋಡೆ ತುಂಬ ಕೈಯಲ್ಲೇ ಬರೆದಿದ್ದಾರೆ. ದೂರದಿಂದ ಗೋಡೆಗೆ ಬೂದು ಬಣ್ಣ ಬಳಿದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಒಂದೊಂದೂ ಒಬ್ಬೊಬ್ಬರ ಹೆಸರು, ಹುಟ್ಟಿದ ತಾರೀಕು. ಒಂದೇ ಮನೆತನದ ಹೆಸರುಗಳು ಒಟ್ಟಿಗೆ ಇರುತ್ತವೆ. ನಾನು ಮೊದಲ ಸಲ ಹೋದಾಗ ಒಂದು ಮನೆಯವರ ತಾರೀಕುಗಳನ್ನು ಓದಿದೆ, ಕೊನೆಯ ಮಗುವಿಗೆ ಮೂರು ವರ್ಷವೂ ಆಗಿರಲಿಲ್ಲ. ಮುಂದಕ್ಕೆ ಹೋಗಲು ಆಗಲಿಲ್ಲ, ತುಂಬಾ ಹೊತ್ತು ಅಲ್ಲೇ ನಿಂತಿದ್ದೆ. ಮಹಡಿಯಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್ ಕ್ಯಾಂಪಿನ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಅದನ್ನು ನೋಡಿದ ದಿನ ಬೇರೆ ಏನೂ ಇಟ್ಟುಕೊಳ್ಳಬೇಡ, ಹೊರಗೆ ಬಂದು ನದಿ ದಡದಲ್ಲಿ ಕೂತುಕೊ.

ಗಟ್ಟಿ ಅಡಿಯ ಶೂ ಹಾಕಿಕೊಂಡು ಬಾ, ಕಲ್ಲುಹಾಸು ಕಾಲು ತಿನ್ನುತ್ತದೆ. ಮಾರ್ಚ್ ಕೊನೆಯಲ್ಲೂ ಬೆಳಿಗ್ಗೆ ಚಳಿ ಇರುತ್ತದೆ, ಸ್ವೆಟರ್ ಮರೆಯಬೇಡ.

ತುಂಗಾತೀರ:
ಅಣ್ಣ, ಇದನ್ನು ಎರಡು ಸಲ ಓದಿದೆ. ಶುಕ್ರವಾರ ಪಿಂಕಾಸ್, ಒಂದೇ ಟಿಕೆಟ್. ರೈಲು ಬುಕ್ ಆಯಿತು, ಎಡಗಡೆ ಕಿಟಕಿ ಸೀಟೇ ಸಿಕ್ಕಿದೆ.