ಅಗಸೆ ಸೊಪ್ಪಿನ ಪಲ್ಯ ಕಹಿಯಾಯ್ತು, ಎಲ್ಲಿ ತಪ್ಪಿದೆ?

ನಾನು ತುಮಕೂರಿನವಳು, ಈಗ ಪುಣೆಯ ಕೋಥ್ರೂಡಲ್ಲಿದ್ದೀನಿ. ನಮ್ಮ ಸೊಸೈಟಿಯ ಕಾಂಪೌಂಡ್ ಪಕ್ಕ ಒಂದು ಅಗಸೆ ಮರ ಇದೆ. ಇಲ್ಲಿ ಹದಗಾ ಅಂತಾರೆ. ಮಂಡಿಯಲ್ಲಿ 'ಅಗಸೆ' ಅಂತ ಕೇಳಿದ್ದಕ್ಕೆ ಧಾರವಾಡ ಕಡೆಯ ಅಂಗಡಿಯವರು ಜವಸ ಬೀಜ (ಫ್ಲ್ಯಾಕ್ಸ್ ಸೀಡ್, ಅದಕ್ಕೂ ಅಗಸೆ ಅಂತಾರೆ) ತೂಗೋಕೆ ಹೊರಟಿದ್ರು! ದ್ವಾದಶಿ ಪಾರಣೆಗೆ ಅಂತ ಸೊಪ್ಪು ಬಿಡಿಸಿ ಪಲ್ಯ ಮಾಡಿದೆ. ಕಹಿ ಅಂದ್ರೆ ಕಹಿ. ಅತ್ತೆ ಮಾತಾಡದೆ ತಿಂದರು, ಅದೇ ಜಾಸ್ತಿ ಬೇಜಾರು. ಅಮ್ಮ ಮಾಡಿದ್ದು ಹೀಗಿರ್ತಿರಲಿಲ್ಲ.

ಉತ್ತರ 1: ಕಡ್ಡಿ ಸಮೇತ ಹಾಕಿದ್ರಾ? ನಡುವಿನ ಕಡ್ಡಿ ಬಿಟ್ಟು ಸಣ್ಣ ಎಲೆಗಳನ್ನಷ್ಟೇ ಕೀಳಿ. ಎಳೆಯದೇ ಇರಲಿ.

ಪ್ರಶ್ನೆ ಕೇಳಿದವಳು: ಅಯ್ಯೋ, ಕಡ್ಡಿ ಸಮೇತ ಹೆಚ್ಚಿಬಿಟ್ಟೆ.

ಉತ್ತರ 2: ಸ್ವಲ್ಪ ಕಹಿ ಇರೋದೇ ಅದರ ಗುಣ ತಂಗಿ, ಪೂರ್ತಿ ಹೋಗಲ್ಲ. ನಾವು ಅಕ್ಕಿ ತೊಳೆದ ನೀರಲ್ಲಿ ಬೇಯಿಸ್ತೀವಿ, ಜೊತೆಗೆ ಒಂದು ಹಿಡಿ ಹೆಸರುಬೇಳೆ. ಕೊನೆಗೆ ತೆಂಗಿನತುರಿ ಧಾರಾಳವಾಗಿ. ತುರಿಯಲ್ಲಿ ಕಂಜೂಸ್ ಮಾಡಿದರೆ ಕಹಿ ಎದ್ದು ಕಾಣುತ್ತೆ.

ಉತ್ತರ 3: ಹೂವನ್ನೂ ಬಿಡಬೇಡಿ. ನಮ್ಮ ಪಕ್ಕದ ಮನೆ ಮರಾಠಿ ಕಾಕು ಬಿಳಿ ಹೂವಿನ ಭಾಜಿ ಮಾಡ್ತಾರೆ. ಹೂವಿನ ಒಳಗಿನ ಕಡ್ಡಿಯಂಥ ಕೇಸರ ಕಿತ್ತು ಎಸೆಯಬೇಕು, ಅದೂ ಕಹಿ. ಆಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ, ಅಷ್ಟೇ. ದ್ವಾದಶಿಗಲ್ಲ, ಈರುಳ್ಳಿ ಇದೆ!

ಪ್ರಶ್ನೆ ಕೇಳಿದವಳು: ಇವತ್ತು ಹೆಸರುಬೇಳೆ ಹಾಕಿ ಮಾಡಿದೆ. ಅತ್ತೆ ಎರಡನೇ ಸಲ ಬಡಿಸಿಕೊಂಡರು.