ಭೀಮಥಡಿ ಕುದುರೆ ನೋಡಲು ಬಾರಾಮತಿ ಕಡೆ ಹೋಗಬೇಕು, ಗೊತ್ತಿದ್ದವರು ಹೇಳಿ

ಇಂಡಿ ತಾಲೂಕಿನಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಭೀಮಾ ದಂಡೆಯ ಊರು. ಮಗ ಏಳನೇ ಕ್ಲಾಸ್, ಅವನಿಗೆ ಕುದುರೆ ಅಂದರೆ ಪ್ರಾಣ. ಭೀಮಥಡಿಯನ್ನು ಬೇರೆ ತಳಿ ಅಂತ ಸರ್ಕಾರ ನೋಂದಾಯಿಸಿದ ಸುದ್ದಿ ಓದಿದಾಗಿನಿಂದ ಒಂದೇ ಹಟ, ಹೋಗಿ ನೋಡೋಣ ಅಂತ. ನನಗೂ ಆಸೆ ಇದೆ. ಮರಾಠಾ ದಂಡಿನಲ್ಲಿ ಓಡಿದ ಕುದುರೆ, ಇದೇ ಹೊಳೆಯ ಮೇಲ್ಭಾಗದಲ್ಲಿ ಇನ್ನೂ ಉಳಿದಿದೆ ಅಂದರೆ ನೋಡದೆ ಇರುವುದು ಹೇಗೆ? ಯಾವಾಗ ಹೋಗಬೇಕು, ಹುಡುಗನನ್ನು ಹತ್ತಿಸಿ ಒಂದು ಸುತ್ತು ಹಾಕಿಸುತ್ತಾರಾ, ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಚಡಚಣದಿಂದ:
ಅಣ್ಣ, ಒಂದೇ ದಿನ ಅಂದರೆ ಬರೀ ಗಾಡಿ ಓಡಿಸುವುದೇ ಆಗುತ್ತದೆ. ಝಳಕಿ, ಧೂಳಖೇಡ ದಾಟಿ ಸೋಲಾಪುರ, ಅಲ್ಲಿಂದ ಪುಣೆ ಹೈವೇ ಹಿಡಿದು ಮೋಹೋಳ, ಟೆಂಭುರ್ಣಿ, ಇಂದಾಪುರ, ಅಲ್ಲಿ ಹೈವೇ ಬಿಟ್ಟು ಬಾರಾಮತಿ ರಸ್ತೆ. ಬಾರಾಮತಿಯಲ್ಲೇ ಒಂದು ರಾತ್ರಿ ಉಳಿಯಿರಿ. ಚಳಿಗಾಲದಲ್ಲಿ ಹೋದರೆ ಉಜನಿ ಹಿನ್ನೀರಿಗೆ ಭಿಗವಣ ಹತ್ತಿರ ರಾಜಹಂಸ ಬಂದಿರುತ್ತವೆ, ಅದನ್ನೂ ತೋರಿಸಿ.
ಸಾಕುವವರ ಲಾಯ ಎಲ್ಲಾ ಖಾಸಗಿ, ಮೊದಲೇ ಫೋನ್ ಮಾಡಿ ಕೇಳದೆ ಹೋಗಬೇಡಿ. ಮರಿ ಹಾಕಿದ ಹೆಣ್ಣು ಕುದುರೆ ಇದ್ದರೆ ಒಳಗೆ ಬಿಡುವುದಿಲ್ಲ, ಅದು ಸರಿಯೇ.
ಇನ್ನೊಂದು. ದೀಪಾವಳಿ ಹೊತ್ತಿಗೆ ಸೋಲಾಪುರ ಜಿಲ್ಲೆಯ ಅಕಲೂಜದಲ್ಲಿ ಕುದುರೆ ಬಾಜಾರ ಕೂಡುತ್ತದೆ, ಅಲ್ಲಿ ಮಾರವಾಡಿ, ಕಾಠಿಯಾವಾಡಿ ಕುದುರೆಗಳದ್ದೇ ಜೋರು. ಕಿವಿ ನೋಡಿ. ತುದಿ ಒಳಗೆ ಬಾಗಿ ಒಂದಕ್ಕೊಂದು ಮುಟ್ಟುವ ಹಾಗಿದ್ದರೆ ಅದು ರಾಜಸ್ಥಾನ, ಗುಜರಾತ್ ಕಡೆಯ ಆ ಕುದುರೆ. ಭೀಮಥಡಿ ಅವುಗಳಿಗಿಂತ ಗಿಡ್ಡ, ಗಟ್ಟಿ ಮೈ, ಗಟ್ಟಿ ಗೊರಸು.

ಅಥಣಿಯಿಂದ, ಪಶುವೈದ್ಯ:
ಲಾಯದಲ್ಲಿ ತೊಳೆದು ನಿಲ್ಲಿಸಿದ ಕುದುರೆ ನೋಡಿ ಬಂದರೆ ಅರ್ಧ ನೋಡಿದ ಹಾಗೆ. ಈ ತಳಿ ಇಷ್ಟಾದರೂ ಉಳಿದಿದ್ದು ಧನಗರರಿಂದ, ಅಂದರೆ ಮಹಾರಾಷ್ಟ್ರದ ಕುರಿಗಾಹಿಗಳಿಂದ. ದಂಡು ಹೋಯಿತು, ರಾಜರು ಹೋದರು, ಆದರೆ ಕುರಿ ಹಿಂಡಿನ ಹಿಂದೆ ಹೇರು ಹೊರಲು ತಟ್ಟು ಬೇಕೇ ಬೇಕಿತ್ತು. ಕಂಬಳಿ, ಪಾತ್ರೆ, ಹಿಟ್ಟಿನ ಚೀಲ, ಮೇಲೆ ಕಾಲು ಕಟ್ಟಿದ ಕೋಳಿ, ಪಕ್ಕದ ಜೋಳಿಗೆಯಿಂದ ಇಣುಕುವ ನಿನ್ನೆ ಹುಟ್ಟಿದ ಕುರಿಮರಿ, ಇಷ್ಟು ಹೊತ್ತು ಕಲ್ಲು ದಾರಿಯಲ್ಲಿ ಎಡವದೆ ನಡೆಯುತ್ತದೆ ನೋಡಿ, ಅದನ್ನು ಹುಡುಗನಿಗೆ ತೋರಿಸಿ. ದೀಪಾವಳಿ ಆದ ಮೇಲೆ ಅವರು ಕೊಂಕಣಕ್ಕೆ ಇಳಿಯುತ್ತಾರೆ, ಮಳೆಗಾಲಕ್ಕೆ ಮುಂಚೆ ವಾಪಸ್. ಹಾಗಾಗಿ ಬಾರಾಮತಿ ಸುತ್ತ ನೋಡಬೇಕಾದರೆ ಮಳೆಗಾಲ ಒಳ್ಳೆಯದು. ನಮ್ಮ ಕಡೆ ಕುರುಬರ ಹಿಂಡಿನ ಜೊತೆಗೂ ತಟ್ಟು ಇರುತ್ತವೆ, ಅವು ಅದೇ ತಳಿ ಅಂತ ನಾನು ಹೇಳುತ್ತಿಲ್ಲ, ಕೆಲಸ ಮಾತ್ರ ಅದೇ.
ಬೆಲ್ಲ, ಬಿಸ್ಕೀಟು, ಪುರಿ ಏನೂ ತಿನ್ನಿಸಬೇಡಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆ ನೋವು ಹತ್ತಿದರೆ ಜೀವಕ್ಕೇ ಬರುತ್ತದೆ. ಹಿಂದಿನಿಂದ ಹೋಗಬೇಡಿ, ಭುಜದ ಪಕ್ಕದಿಂದ ಮಾತಾಡುತ್ತಾ ಹೋಗಿ. ಒಂದು ಲಾಯದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಕೈ, ಬೂಟು ತೊಳೆಯಿರಿ. ಗ್ಲಾಂಡರ್ಸ್ ಅಂತ ರೋಗ ಇದೆ, ಮನುಷ್ಯರಿಗೂ ಹತ್ತುತ್ತದೆ. ಮೂಗು ಸೋರುವ ಕುದುರೆ ಕಂಡರೆ ದೂರ ಇರಿ.

ಮುಧೋಳದಿಂದ:
ಡಾಕ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮುಧೋಳ ನಾಯಿಗೆ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಇದೆ, ಅದರಿಂದ ತುಂಬಾ ಅನುಕೂಲ ಆಗಿದೆ. ಆದರೂ ತಳಿ ಇವತ್ತಿಗೂ ನಿಂತಿರುವುದು ಮನೆ ಮನೆಯಲ್ಲಿ ಸಾಕುವವರ ಮೇಲೆ. ಕುದುರೆಗೂ ಅಷ್ಟೇ. ಅಡವಿಯಲ್ಲಿ ಮೇಯುವ ಜಾಗ ಕಡಿಮೆಯಾಗಿ, ಸಾಮಾನು ಹೊರಲು ಟೆಂಪೋ ಬಂದರೆ ತಟ್ಟು ಯಾರು ಸಾಕುತ್ತಾರೆ? ಸರ್ಟಿಫಿಕೇಟ್ ಒಂದರಿಂದ ಹೊಟ್ಟೆ ತುಂಬಲ್ಲ ಅಲ್ವಾ. ಧನಗರರ ಹತ್ತಿರ ಹೋದಾಗ ಸುಮ್ನೆ ಫೋಟೋ ಹೊಡೆದು ಬರಬೇಡಿ, ಅವರ ಹತ್ತಿರ ಕಂಬಳಿ ಮಾರಾಟಕ್ಕಿದ್ದರೆ ಒಂದು ತೆಗೆದುಕೊಳ್ಳಿ.

ಇಂಡಿ ತಾಲೂಕಿನಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಶ್ರಾವಣದಲ್ಲಿ ಹೋಗುತ್ತೇವೆ, ರಾತ್ರಿ ಅಲ್ಲೇ ಉಳಿಯುತ್ತೇವೆ. ಡಾಕ್ಟರೇ, ಹತ್ತಿಸುವ ವಿಷಯ?

ಅಥಣಿಯಿಂದ, ಪಶುವೈದ್ಯ:
ಹೇರಿನ ತಟ್ಟು ಮೇಲೆ ಬೇಡ, ಜೀನು ಇರಲ್ಲ, ಲಗಾಮಿನ ರೂಢಿಯೂ ಇರಲ್ಲ. ಲಾಯದಲ್ಲಿ ಪಳಗಿದ ಕುದುರೆ ಇದ್ದು, ಮಾಲೀಕರೇ ಹಗ್ಗ ಹಿಡಿದು ನಡೆಸುತ್ತೇನೆ ಅಂದರೆ ಹತ್ತಿಸಿ, ಹೆಲ್ಮೆಟ್ ಹಾಕಿಸಿ. ಮತ್ತೆ ಹಿಂಡಿನ ಹತ್ತಿರ ಹೋಗುವಾಗ ದೂರದಿಂದಲೇ ಕೂಗಿ ನಿಲ್ಲಿ, ಕಾವಲು ನಾಯಿ ಇರುತ್ತವೆ, ಅವರು ಬಂದು ಕರೆದುಕೊಂಡು ಹೋಗುವವರೆಗೆ ಹುಡುಗನ ಕೈ ಬಿಡಬೇಡಿ.