ಅರ್ಜಿಯಲ್ಲಿ "ತೀವ್ರ ವೈರಾಗ್ಯ" ಅಂತ ಉಂಟು, ಇದು ಹಗೆಯಾ ಸನ್ಯಾಸವಾ?

ಬದಿಯಡ್ಕದವ
ನಮ್ಮ ತೋಟದ ಗಡಿ ತಕರಾರಿನ ಒಂದು ಅರ್ಜಿಯನ್ನು ಮಲಯಾಳದಿಂದ ಕನ್ನಡಕ್ಕೆ ಮಾಡಿಸಿದ್ದು, ಅದ್ರಲ್ಲಿ "ಎದುರುದಾರನಿಗೆ ನನ್ನ ಮೇಲೆ ತೀವ್ರ ವೈರಾಗ್ಯ ಇರುವುದರಿಂದ ಬೇಲಿ ಕಿತ್ತಿರುತ್ತಾನೆ" ಅಂತ ಉಂಟು. ಪುತ್ತೂರಿನ ಭಾವನಿಗೆ ವಾಟ್ಸಾಪ್ ಮಾಡಿದ್ರೆ "ವೈರಾಗ್ಯ ಬಂದವ ಕಾಶಿಗೆ ಹೋಗುದಲ್ವಾ ಮಾರಾಯ, ನಿನ್ನ ಬೇಲಿ ಹತ್ರ ಅವನಿಗೆಂತ ಕೆಲಸ" ಅಂತ ನಗಾಡ್ತಾನೆ. ಆದ್ರೆ ಕೇರಳದ ಗಡಿಯೊಳಗಿನ ನಮ್ಮ ಕಾಸರಗೋಡು ಕಡೆ ಸುಮಾರು ಜನ ಹೀಗೇ ಮಾತಾಡ್ತಾರೆ. ಹಾಗೇ ಬಿಡಬಹುದಾ?

ಕುಂಬಳೆ ಕೋಟೆ
ಬಿಡ್ಬೇಡಿ. ಮಲಯಾಳದಲ್ಲಿ ವೈರಾಗ್ಯಂ ಅಂದ್ರೆ ಬಹಳ ದಿನದಿಂದ ಒಳಗೇ ಇಟ್ಟುಕೊಂಡ ಹಗೆ. ಅಲ್ಲಿನ ಪೇಪರಲ್ಲಿ ಹೊಡೆದಾಟದ ಸುದ್ದಿ ಬಂದ್ರೆ "ಮುನ್‌ವೈರಾಗ್ಯಂ", "ವ್ಯಕ್ತಿವೈರಾಗ್ಯಂ" ಅಂತ ಇರ್ತದೆ, ನಮ್ಮ ಪೇಪರಲ್ಲಿ ಅದೇ ಜಾಗಕ್ಕೆ "ಹಳೇ ವೈಷಮ್ಯ", "ಪೂರ್ವದ್ವೇಷ" ಹಾಕ್ತಾರೆ. ಟೈಪ್ ಮಾಡಿದವರು ಲಿಪಿ ಮಾತ್ರ ಬದಲಾಯಿಸಿದ್ದು. ನಾವು ಅಕ್ಕಮಹಾದೇವಿಗೆ ವೈರಾಗ್ಯನಿಧಿ ಅನ್ನುವವರು, ಈ ಲೆಕ್ಕದಲ್ಲಿ ಅಕ್ಕ ಹಗೆಯ ಗಣಿ ಆಗ್ತಾಳೆ 😀

ರಿಟೈರ್ಡ್ ಮಾಷ್ಟ್ರು
ಎರಡೂ ಸಂಸ್ಕೃತದ್ದೇ, ಆದ್ರೆ ಮೂಲ ಬೇರೆ. ವೈರಾಗ್ಯ ಬಂದದ್ದು ವಿರಾಗದಿಂದ, ರಾಗ ಅಂದ್ರೆ ಆಸೆ, ಅದು ಹೋದ ಸ್ಥಿತಿ. ವೈರ ಬಂದದ್ದು ವೀರದಿಂದ. ಕಿವಿಗೆ ಒಂದೇ ತರ ಕೇಳುವ ಕಾರಣಕ್ಕೇ ಮಲಯಾಳದವರು ಬೆರೆಸಿದ್ದಾರೆ ಅಂತ ನನ್ನ ಅಂದಾಜು, ಅವರಿಗೂ ಗ್ರಂಥದ ಭಾಷೆಯಲ್ಲಿ ವೈರಾಗ್ಯ ಅಂದ್ರೆ ವಿರಕ್ತಿಯೇ. ಇಂಥದ್ದೇ ಇನ್ನೊಂದು ಅವರ ದೇಷ್ಯಂ, ಮೂಲ ದ್ವೇಷ್ಯ, ಆದ್ರೆ ಅರ್ಥ ಬರೀ ಸಿಟ್ಟು. ಇಲ್ಲಿ ಮಕ್ಕಳು "ಟೀಚರಿಗೆ ದ್ವೇಷ ಬಂತು" ಅಂದ್ರೆ ಹೆದರ್ಬೇಡಿ, ಸಂಜೆಗೆ ಇಳೀತದೆ.

ಮಂಜೇಶ್ವರ ಎಕ್ಸ್‌ಪ್ರೆಸ್
ಸರ್, ಮಾತಲ್ಲಿ ಇದ್ರೆ ಏನೀಗ? ನಾಲ್ಕು ಭಾಷೆ ಒಂದೇ ಅಂಗಡಿ ಜಗಲಿಯಲ್ಲಿ ಕೂತ ಊರು ಇದು, ನನ್ನ ಅಜ್ಜಿಯೂ ವೈರಾಗ್ಯ ಅಂತಲೇ ಹೇಳ್ತಿದ್ದದ್ದು, ಅದನ್ನ ತಿದ್ದಲಿಕ್ಕೆ ನಾನಂತೂ ಹೋಗುದಿಲ್ಲ. ಅರ್ಜಿ ವಿಷಯ ಬೇರೆ.

ಬದಿಯಡ್ಕದವ
ಹಾಗಾದ್ರೆ ದ್ವೇಷ ಅಂತ ಹಾಕ್ಲಾ, ಹಗೆತನ ಅಂತ ಹಾಕ್ಲಾ?

ರಿಟೈರ್ಡ್ ಮಾಷ್ಟ್ರು
ಹಗೆತನ ಹಾಕಿ. ದ್ವೇಷ ಒಬ್ಬನ ಮನಸ್ಸಲ್ಲೇ ಇರಬಹುದು, ಎದುರಿನವನಿಗೆ ಗೊತ್ತೇ ಇರುದಿಲ್ಲ. ಹಗೆತನ ಸಾಧಿಸುವಂಥದ್ದು, ಬೇಲಿ ಕೀಳುವವರೆಗೆ ಹೋಗ್ತದೆ. ಹಳಗನ್ನಡದ ಪಗೆ ನಮ್ಮಲ್ಲಿ ಹಗೆ ಆಯ್ತು, ಮಲಯಾಳದಲ್ಲಿ ಇವತ್ತಿಗೂ ಪಗ, ತಮಿಳಿನಲ್ಲಿ ಪಗೈ, ಹಾಗಾಗಿ ಓದುವವರು ಯಾರಾದ್ರೂ ಅರ್ಥ ಆಗ್ತದೆ. ಮಲಯಾಳದ ಪ್ರತಿಯಲ್ಲಿ ವೈರಾಗ್ಯಂ ಹಾಗೇ ಇರ್ಲಿ, ಅಲ್ಲಿ ಅದು ಸರಿಯೇ.